ಕ್ಲೈಂಟ್ ಕೆಲಸಕ್ಕೆ ಕಡಿಮೆ ಬೆಲೆಯ ಮ್ಯೂಸಿಕ್ ಸಾಫ್ಟ್‌ವೇರ್: ಯಾವುದು ತಗೊಳ್ಳಲಿ?

ಓದುಗರ ಪ್ರಶ್ನೆ: ನಾನು ಕೀಬೋರ್ಡ್ ನುಡಿಸುತ್ತೇನೆ. ಇಷ್ಟು ದಿನ ಹವ್ಯಾಸಕ್ಕೆ ಅಂತ ಮನೆಯಲ್ಲೇ ಟ್ರ್ಯಾಕ್ ಮಾಡುತ್ತಿದ್ದೆ. ಈಗ ಕಿರುಚಿತ್ರದವರು, ಭಕ್ತಿಗೀತೆ ಹಾಡುವವರು ದುಡ್ಡು ಕೊಟ್ಟು ಕೆಲಸ ಮಾಡಿಸುತ್ತಿದ್ದಾರೆ. ಕಡಿಮೆ ಖರ್ಚಿನಲ್ಲಿ ಯಾವ ಸಾಫ್ಟ್‌ವೇರ್ ಒಳ್ಳೆಯದು? ಫ್ರೀ ಇರುವುದೇ ಸಾಕಾ?

ಮೊದಲು ಉತ್ತರ, ಆಮೇಲೆ ಕಾರಣ. ನಿಮ್ಮದು ವಿಂಡೋಸ್ ಕಂಪ್ಯೂಟರ್ ಆಗಿದ್ದರೆ ರೀಪರ್ ತಗೊಳ್ಳಿ. ಮ್ಯಾಕ್ ಆಗಿದ್ದರೆ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಶುರು ಮಾಡಿ, ಕೈಯಲ್ಲಿ ದುಡ್ಡು ಸೇರಿದ ಮೇಲೆ ಲಾಜಿಕ್ ಪ್ರೊಗೆ ಹೋಗಿ.

ಯಾವುದರಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಒಂದೇ ವೇವ್ ಫೈಲನ್ನು ಯಾವ ಸಾಫ್ಟ್‌ವೇರ್‌ಗೆ ಹಾಕಿ ನುಡಿಸಿದರೂ ಅದು ಹಾಗೇ ಕೇಳುತ್ತದೆ. ಸೌಂಡ್ ಬರುವುದು ವಾದ್ಯದಿಂದ, ಮೈಕ್‌ನಿಂದ, ರೂಮಿನಿಂದ, ನಿಮ್ಮ ಕಿವಿಯಿಂದ. ಸಾಫ್ಟ್‌ವೇರ್‌ನ ಬೆಲೆ ಗೊತ್ತಾಗುವುದು ಕ್ಲೈಂಟ್ ಎರಡನೇ ಸಲ ಫೋನ್ ಮಾಡಿದಾಗ.

ಕೆಲವು ವರ್ಷದ ಹಿಂದೆ ಒಬ್ಬ ಗಾಯಕಿಗೆ ನಾಲ್ಕು ದೇವರನಾಮಗಳ ಟ್ರ್ಯಾಕ್ ಮಾಡಿಕೊಟ್ಟಿದ್ದೆ. ಏಳು ತಿಂಗಳಾದ ಮೇಲೆ ಫೋನ್ ಬಂತು. "ಸರ್, ಐದು ಮನೆ ಶ್ರುತಿಯಲ್ಲಿ ಇತ್ತಲ್ವಾ, ಈಗ ಗಂಟಲು ಸರಿ ಇಲ್ಲ, ನಾಲ್ಕೂವರೆಗೆ ಇಳಿಸಿ ಮೈನಸ್ ಟ್ರ್ಯಾಕ್ ಕೊಡ್ತೀರಾ? ಭಾನುವಾರ ಕಾರ್ಯಕ್ರಮ ಇದೆ." ಮೈನಸ್ ಟ್ರ್ಯಾಕ್ ಅಂದರೆ ಗಾಯನ ಇಲ್ಲದ ಹಿನ್ನೆಲೆ ಸಂಗೀತ. ಐದು ನಿಮಿಷದ ಕೆಲಸ ಅಂದುಕೊಂಡೆ. ಪ್ರಾಜೆಕ್ಟ್ ತೆಗೆದರೆ ಕೊಳಲಿನ ಟ್ರ್ಯಾಕ್‌ನಲ್ಲಿ ಶಬ್ದವೇ ಇಲ್ಲ. ಆ ವಾದ್ಯ ಒಂದು ಟ್ರಯಲ್ ಪ್ಲಗಿನ್ (ಹೊರಗಿಂದ ಜೋಡಿಸುವ ಸಣ್ಣ ಸಾಫ್ಟ್‌ವೇರ್) ಆಗಿತ್ತು, ಅವಧಿ ಮುಗಿದಿತ್ತು. ಪಿಟೀಲಿನ ಫೈಲ್ ಯಾವುದೋ ಪೆನ್‌ಡ್ರೈವ್‌ನಲ್ಲಿ ಉಳಿದುಹೋಗಿತ್ತು. ಎರಡು ರಾತ್ರಿ ಕೂತು ಮತ್ತೆ ಮಾಡಿದೆ. ಅವತ್ತಿನಿಂದ ಯಾವುದೇ ಸಾಫ್ಟ್‌ವೇರ್ ನೋಡುವಾಗ ನಾನು ಮೊದಲು ಕೇಳುವುದು ಇದನ್ನೇ: ಮುಂದಿನ ವರ್ಷ ಈ ಪ್ರಾಜೆಕ್ಟ್ ತೆರೆಯುತ್ತದಾ?

ಈ ದೃಷ್ಟಿಯಿಂದ ನೋಡಿದರೆ ರೀಪರ್ ನನಗೆ ತುಂಬಾ ಇಷ್ಟ. ಇದನ್ನು ಶುರು ಮಾಡಿದವರು ವಿನ್ಆಂಪ್ ಅನ್ನುವ ಮ್ಯೂಸಿಕ್ ಪ್ಲೇಯರ್ ಮಾಡಿದ ಜಸ್ಟಿನ್ ಫ್ರಾಂಕೆಲ್. ತೀರಾ ಚಿಕ್ಕ ಡೌನ್‌ಲೋಡ್, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕಡಿಮೆ ದರದ ಲೈಸೆನ್ಸ್‌ಗೆ 60 ಡಾಲರ್, ಪೂರ್ತಿ ಕಮರ್ಷಿಯಲ್ ಲೈಸೆನ್ಸ್‌ಗೆ 225 ಡಾಲರ್. ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಳ್ಳುತ್ತಾರೆ. 60 ಡಾಲರ್‌ನದು ಬರೀ ಹವ್ಯಾಸಿಗಳಿಗೆ ಅಲ್ಲ. ವರ್ಷದ ಒಟ್ಟು ಆದಾಯ 20,000 ಡಾಲರ್ ದಾಟದಿದ್ದರೆ ದುಡ್ಡಿನ ಕೆಲಸಕ್ಕೂ ಅದೇ ಲೈಸೆನ್ಸ್ ನಡೆಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಹದಿನೈದು ಲಕ್ಷ ರೂಪಾಯಿಗೂ ಜಾಸ್ತಿ. ಈಗಷ್ಟೇ ಶುರು ಮಾಡಿದವರಿಗೆ ಧಾರಾಳವಾಗಿ ಸಾಕು. ಎರಡೂ ಲೈಸೆನ್ಸ್‌ಗಳಲ್ಲಿ ಸಾಫ್ಟ್‌ವೇರ್ ಒಂದೇ, ಏನನ್ನೂ ಕಡಿತ ಮಾಡಿಲ್ಲ. ಈಗಿನ 7ನೇ ಆವೃತ್ತಿಗೆ ಕೊಟ್ಟ ದುಡ್ಡಿನಲ್ಲಿ 8.99ರವರೆಗೂ ಅಪ್‌ಡೇಟ್ ಸಿಗುತ್ತದೆ.

ಕ್ಲೈಂಟ್ ಕೆಲಸಕ್ಕೆ ಬೇಕಾದ ಸಣ್ಣಪುಟ್ಟ ಸಂಗತಿಗಳೆಲ್ಲ ಇದರಲ್ಲಿವೆ. ಸೇವ್ ಮಾಡುವಾಗ ಎಲ್ಲ ಆಡಿಯೊ ಫೈಲ್‌ಗಳನ್ನೂ ಪ್ರಾಜೆಕ್ಟ್ ಫೋಲ್ಡರ್‌ಗೇ ಕಾಪಿ ಮಾಡಿಸುವ ಆಯ್ಕೆ ಇದೆ. ಅದನ್ನು ಮೊದಲ ದಿನವೇ ಟಿಕ್ ಮಾಡಿಡಿ. ವಿಡಿಯೊ ಹಾಕಿಕೊಂಡು ನೋಡುತ್ತಾ ರೀರೆಕಾರ್ಡಿಂಗ್ ಮಾಡಬಹುದು. ತಬಲಾ ಬೇರೆ, ತಂಬೂರಿ ಬೇರೆ, ಗಾಯನ ಬೇರೆ ಅಂತ ಎಲ್ಲ ಸ್ಟೆಮ್‌ಗಳನ್ನೂ ಒಂದೇ ಸಲಕ್ಕೆ ಹೊರತೆಗೆಯಬಹುದು. ಆಲಾಪನೆ, ವಚನ, ಉಗಾಭೋಗದಂಥವನ್ನು ಕ್ಲಿಕ್ (ಲಯಕ್ಕೆ ಕೇಳಿಸುವ ಟಿಕ್ ಟಿಕ್ ಶಬ್ದ) ಇಲ್ಲದೆ ಹಾಡಿಸಿದರೂ ಗ್ರಿಡ್ (ಲಯದ ಗೆರೆಗಳು) ಆಫ್ ಮಾಡಿ ಆರಾಮಾಗಿ ಎಡಿಟ್ ಮಾಡಬಹುದು. ರೆಂಡರ್ ಮಾಡುವಾಗ, ಅಂದರೆ ಹಾಡನ್ನು ಫೈಲ್ ಆಗಿ ತೆಗೆಯುವಾಗ, ಲೌಡ್‌ನೆಸ್ ಎಷ್ಟಿದೆ ಅಂತಲೂ ಅಲ್ಲೇ ತೋರಿಸುತ್ತದೆ. ಸ್ಪಾಟಿಫೈ ಮಾಮೂಲಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರಾಗಿದೆ ಅಂತ ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ. "ಬೇರೆಯವರ ಹಾಡು ಜೋರಾಗಿದೆ, ನಮ್ಮದು ಮಾತ್ರ ಮೆಲ್ಲಗಿದೆ" ಅಂತ ಕ್ಲೈಂಟ್ ಬಂದಾಗ ಈ ಅಂಕಿ ತೋರಿಸಿ ಮಾತಾಡಬಹುದು.

ರೀಪರ್‌ನ ಕೊರತೆಯೂ ದೊಡ್ಡದೇ. ಅದರ ಜೊತೆ ವಾದ್ಯಗಳು ಬರುವುದಿಲ್ಲ ಅಂತಲೇ ಅಂದುಕೊಳ್ಳಿ. ವಯಲಿನ್ ಸೆಕ್ಷನ್, ಪಿಯಾನೊ, ಡ್ರಮ್ಸ್ ಎಲ್ಲ ಹೊರಗಿಂದ ತರಬೇಕು. ಸಿಂಥ್‌ಗೆ ವೈಟಲ್, ಸರ್ಜ್ ಎಕ್ಸ್‌ಟಿ ಫ್ರೀ ಇವೆ. ಪಿಯಾನೊ, ಸ್ಟ್ರಿಂಗ್ಸ್‌ಗೆ ಸ್ಪಿಟ್‌ಫೈರ್ ಆಡಿಯೊದವರ ಲ್ಯಾಬ್ಸ್ ಇದೆ. ತಬಲಾ, ಕೊಳಲಿಗೆ ಮಾತ್ರ ನನ್ನ ಸಲಹೆ ಬೇರೆ. ಸಾಫ್ಟ್‌ವೇರ್‌ನಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಗಂಟೆ ನಿಜವಾದ ವಾದಕರನ್ನು ಕರೆಸಿ. ಒಂದು ದೇವರನಾಮಕ್ಕೆ ಅದು ಕೊಡುವ ಜೀವವನ್ನು ಯಾವ ಲೂಪ್ (ಮೊದಲೇ ರೆಕಾರ್ಡ್ ಮಾಡಿಟ್ಟ, ಮತ್ತೆ ಮತ್ತೆ ನುಡಿಯುವ ತುಣುಕು) ಕೂಡ ಕೊಡುವುದಿಲ್ಲ.

ಲೂಪ್ ಅಂದಾಗ ಇನ್ನೊಂದು ಮಾತು. ಲೂಪ್, ಸ್ಯಾಂಪಲ್‌ಗಳ ಲೈಸೆನ್ಸ್ ಓದದೆ ಕ್ಲೈಂಟ್ ಕೆಲಸಕ್ಕೆ ಹಾಕಬೇಡಿ. ಫ್ರೀ ಅಂತ ಸಿಗುವ ಕೆಲವು ಸ್ವಂತ ಬಳಕೆಗೆ ಮಾತ್ರ. ದುಡ್ಡಿನ ಕೆಲಸಕ್ಕೆ ಅನುಮತಿ ಇದ್ದರೂ, ಅದೇ ಲೂಪನ್ನು ಬೇರೆ ಯಾರೋ ತಮ್ಮ ಹಾಡಿನಲ್ಲಿ ಬಳಸಿ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ (ಹಕ್ಕಿರುವ ಹಾಡುಗಳನ್ನು ತಾನೇ ಗುರುತಿಸುವ ವ್ಯವಸ್ಥೆ) ಹಾಕಿದ್ದರೆ, ನಿಮ್ಮ ಕ್ಲೈಂಟ್‌ನ ವಿಡಿಯೊಗೆ ಕ್ಲೇಮ್ ಬರಬಹುದು. ಆಗ ಅವರು ಕೇಳುವುದು ನಿಮ್ಮನ್ನೇ. ವಿದ್ಯಾರ್ಥಿ ದರದಲ್ಲಿ ಸಿಗುವ ಸಾಫ್ಟ್‌ವೇರ್‌ಗಳಲ್ಲೂ ಕೆಲವನ್ನು ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ, ಓದಿ ನೋಡಿ. ಕ್ರ್ಯಾಕ್ ಮಾಡಿದ್ದಂತೂ ಬೇಡವೇ ಬೇಡ. ತಪ್ಪು ಅನ್ನುವುದು ಒಂದು ಕಡೆ. ಅದರ ಜೊತೆ ವೈರಸ್ ಬಂದು ಬೇರೆಯವರ ಹಾಡುಗಳೂ ಹೋದರೆ ಏನು ಉತ್ತರ ಕೊಡುತ್ತೀರಿ?

ಈಗ ಮ್ಯಾಕ್ ಇರುವವರಿಗೆ. ಗ್ಯಾರೇಜ್‌ಬ್ಯಾಂಡ್ ಫ್ರೀ, ವಾದ್ಯಗಳೂ ಚೆನ್ನಾಗಿವೆ, ಹಾಡು ಮಾಡಲು ಸಾಕು. ಆದರೆ ಅದು 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಷ್ಟೇ (ಸೆಕೆಂಡಿಗೆ ಶಬ್ದವನ್ನು ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ) ಕೆಲಸ ಮಾಡುತ್ತದೆ. ವಿಡಿಯೊದವರು ಸಾಮಾನ್ಯವಾಗಿ ಕೇಳುವುದು 48. ಸ್ಟೆಮ್ ಬೇಕೆಂದರೆ ಒಂದೊಂದೇ ಟ್ರ್ಯಾಕ್ ಸೋಲೊ ಮಾಡಿ ತೆಗೆಯಬೇಕು. ಮೂವತ್ತು ಟ್ರ್ಯಾಕ್ ಇದ್ದರೆ ಮಧ್ಯಾಹ್ನವೆಲ್ಲ ಅಲ್ಲೇ ಹೋಗುತ್ತದೆ. ಕಿರುಚಿತ್ರದ ಕೆಲಸ ಜಾಸ್ತಿ ಬಂದಾಗ ಲಾಜಿಕ್‌ಗೆ ಹೋಗಿ. ಒಂದೇ ಸಲ ಸುಮಾರು 200 ಡಾಲರ್. ಗ್ಯಾರೇಜ್‌ಬ್ಯಾಂಡ್‌ನ ಹಳೇ ಪ್ರಾಜೆಕ್ಟ್‌ಗಳು ನೇರವಾಗಿ ಅದರಲ್ಲಿ ತೆರೆಯುತ್ತವೆ.

ಎಫ್‌ಎಲ್ ಸ್ಟುಡಿಯೊ ನಮ್ಮ ಹುಡುಗರಲ್ಲಿ ಬಲು ಜನಪ್ರಿಯ. ಬೀಟ್ ಮಾಡಲು ಸೊಗಸು, ಒಮ್ಮೆ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಫ್ರೀ. ಆದರೆ ಅತಿ ಕಡಿಮೆ ಬೆಲೆಯ ಫ್ರೂಟಿ ಆವೃತ್ತಿ ಹಾಡು ರೆಕಾರ್ಡ್ ಮಾಡುವವರಿಗಲ್ಲ, ಅದಕ್ಕೆ ಪ್ರೊಡ್ಯೂಸರ್ ಆವೃತ್ತಿಯೇ ಬೇಕು. ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಕೊಂಡುಕೊಳ್ಳುವ ತನಕ ಮತ್ತೆ ತೆರೆಯಲು ಆಗುವುದಿಲ್ಲ ಅನ್ನುವುದೂ ನೆನಪಿರಲಿ. ಪ್ರೊ ಟೂಲ್ಸ್ ಇಂಟ್ರೊ ಫ್ರೀ, ಆದರೆ ಆಡಿಯೊ ಟ್ರ್ಯಾಕ್ ಎಂಟೇ. ಪೂರ್ತಿ ಫ್ರೀ ಬೇಕೇ ಬೇಕು ಅಂದರೆ ವೇವ್‌ಫಾರ್ಮ್ ಫ್ರೀ ನೋಡಿ, ಟ್ರ್ಯಾಕ್‌ಗಳಿಗೆ ಮಿತಿ ಇಲ್ಲ.

ಯಾವುದನ್ನೇ ತಗೊಳ್ಳಿ, ಕೆಲಸ ಮುಗಿದ ದಿನ ಎಲ್ಲ ಟ್ರ್ಯಾಕ್‌ಗಳನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ವೇವ್ ಫೈಲ್‌ಗಳಾಗಿ ತೆಗೆದಿಡಿ. ಮಿಡಿ ಫೈಲ್ (ನುಡಿಸಿದ ಸ್ವರಗಳ ದಾಖಲೆ) ಕೂಡ ಇರಲಿ. ಟೆಂಪೊ, ಶ್ರುತಿ ಬರೆದಿಡಿ. 2017ರ ನವೆಂಬರ್‌ನಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ಸೋನಾರ್ ಅನ್ನುವ ಇಂಥದ್ದೇ ಸಾಫ್ಟ್‌ವೇರನ್ನು ನಿಲ್ಲಿಸುತ್ತೇವೆ ಅಂದಾಗ, ದುಡ್ಡು ಕೊಟ್ಟು ಅದನ್ನೇ ನಂಬಿಕೊಂಡಿದ್ದವರು ದಿಕ್ಕು ತೋಚದೆ ಕೂತರು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಫ್ರೀ ಆಗಿ ಕೊಟ್ಟಿತು, ಸರಿ. ಎಲ್ಲ ಸಲ ಹಾಗೆ ಆಗುವುದಿಲ್ಲ. ವೇವ್ ಫೈಲ್ ಇದ್ದರೆ ಯಾವ ಕಂಪನಿ ಮುಚ್ಚಿದರೂ ನಿಮ್ಮ ಕೆಲಸ ನಿಮ್ಮ ಹತ್ತಿರ ಇರುತ್ತದೆ.

ರೀಪರ್‌ಗೆ 60 ದಿನದ ಟ್ರಯಲ್ ಇದೆ, ಏನೂ ಕಡಿತವಿಲ್ಲ. ದುಡ್ಡು ಕೊಡುವ ಮೊದಲು ನಿಮ್ಮ ಹಳೇ ಕೆಲಸ ಒಂದನ್ನು ಅದರಲ್ಲಿ ಮೊದಲಿನಿಂದ ಮಾಡಿ. ಗಾಯನ ರೆಕಾರ್ಡ್ ಮಾಡಿ, ವಿಡಿಯೊ ಕೂಡಿಸಿ, ಸ್ಟೆಮ್ ತೆಗೆಯಿರಿ. ಆಮೇಲೆ ಆ ಫೋಲ್ಡರನ್ನು ಸ್ನೇಹಿತರ ಕಂಪ್ಯೂಟರ್‌ಗೆ ಹಾಕಿ ತೆರೆದು ನೋಡಿ. ಏನು ಕಾಣೆಯಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.