ಕೆನಡಾರ್ಮ್-2: ಗಗನಯಾನಿಯ ಹಿಡಿಕೆಯಿಂದ ತೋಳಿನ ತುದಿಯವರೆಗೆ

ಬೆಂಗಳೂರಿನ ಮೆಟ್ರೊ ಕಾಮಗಾರಿಯ ಬಳಿ ಐದು ನಿಮಿಷ ನಿಂತು ಜೆಸಿಬಿ ಯಂತ್ರವನ್ನು ನೋಡಿದರೆ ಈ ಪಾಠದ ಮೊದಲ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಅದರ ಚಾಲಕರು ದೊಡ್ಡ ತೋಳು, ಮುಂದೋಳು, ಬಕೆಟ್ಟುಗಳನ್ನು ಬೇರೆ ಬೇರೆ ಲಿವರ್ ಚಲನೆಗಳಿಂದ ನಡೆಸುತ್ತಾರೆ; ಬಕೆಟ್ಟಿನ ಅಂಚು ನೆಲಕ್ಕೆ ಸಮನಾಗಿ ಸಾಗಬೇಕಾದರೆ ಯಾವ ಕೀಲು ಎಷ್ಟು ಬಾಗಬೇಕೆಂಬ ಲೆಕ್ಕ ಅವರ ಕೈಗೇ ಪಳಗಿರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2001ರಲ್ಲಿ ಜೋಡಿಸಿದ ಕೆನಡಾರ್ಮ್-2 ಎಂಬ ಯಂತ್ರತೋಳು ಸುಮಾರು 17 ಮೀಟರ್ ಉದ್ದವಿದ್ದು, ಅದಕ್ಕೆ ಏಳು ಕೀಲುಗಳಿವೆ. ಹಾಗಾದರೆ ಏಳು ಲಿವರ್‌ಗಳು ಬೇಕೇ?

ಬೇಡ. ಗಗನಯಾನಿ ನಿಲ್ದಾಣದೊಳಗಿಂದ ತೋಳನ್ನು ನಡೆಸುವ ಕಾರ್ಯಕೇಂದ್ರದಲ್ಲಿರುವ ಹಿಡಿಕೆಗಳು ಎರಡೇ. ಎಡಗೈಯದು ತೋಳಿನ ತುದಿಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಅಕ್ಕಪಕ್ಕ ಸರಿಸುತ್ತದೆ. ಬಲಗೈಯದು ಅದನ್ನು ತಿರುಗಿಸುತ್ತದೆ. ಗಗನಯಾನಿ ತುದಿಗೆ ಆಜ್ಞೆ ಕೊಡುತ್ತಾರೆ, ಕೀಲುಗಳ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಅಗತ್ಯ ಬಿದ್ದಾಗ ಒಂದೊಂದೇ ಕೀಲನ್ನು ನಡೆಸುವ ವಿಧಾನವೂ ಇದೆ. ಹಿಡಿಕೆಯನ್ನು ಎಷ್ಟು ಓರೆ ಮಾಡಿದರೆ ತುದಿ ಅಷ್ಟು ದೂರ ಹೋಗುತ್ತದೆಂದು ನಾನು ಮೊದಲು ಭಾವಿಸಿದ್ದೆ, ಅದು ತಪ್ಪು. ಓರೆಯ ಪ್ರಮಾಣ ಸೂಚಿಸುವುದು ವೇಗವನ್ನು, ದೂರವನ್ನಲ್ಲ.

ಇಂತಹ ಕಾರ್ಯಕೇಂದ್ರಗಳು ಎರಡಿವೆ: ಒಂದು ನಿಲ್ದಾಣದ ಡೆಸ್ಟಿನಿ ಪ್ರಯೋಗಾಲಯದಲ್ಲಿ, ಇನ್ನೊಂದು 2010ರಲ್ಲಿ ನಿಲ್ದಾಣ ಸೇರಿದ, ಏಳು ಕಿಟಕಿಗಳ ಕ್ಯುಪೋಲಾ ಎಂಬ ವೀಕ್ಷಣಾ ಕೋಣೆಯಲ್ಲಿ. ಒಂದು ಕೇಂದ್ರ ಆಜ್ಞೆ ನೀಡುತ್ತಿರುವಾಗ ಇನ್ನೊಂದು ಬದಲಿಗೆ ಸಿದ್ಧವಾಗಿರುತ್ತದೆ.

ನಿಜವಾದ ಕಷ್ಟವಿರುವುದು ಕ್ಯಾಮೆರಾದಲ್ಲಿ. ಕಿಟಕಿಯಿಂದ ಕಾಣದ ಕೆಲಸವನ್ನು ಗಗನಯಾನಿ ಮೂರು ವಿಡಿಯೊ ಪರದೆಗಳ ಮೇಲೆ ನೋಡಿಯೇ ಮಾಡಬೇಕು. ಒಂದೇ ಚಪ್ಪಟೆ ಚಿತ್ರದಿಂದ ಆಳ ತಿಳಿಯುವುದು ಕಷ್ಟವಾದ್ದರಿಂದ ಪಕ್ಕದಿಂದ ನೋಡುವ ಮತ್ತೊಂದು ಕ್ಯಾಮೆರಾ ಬೇಕಾಗುತ್ತದೆ. ಆದರೆ ತುದಿಗೆ ಎದುರಾಗಿ ನಿಂತ ಕ್ಯಾಮೆರಾದಲ್ಲಿ ಬಲಕ್ಕೆ ಸರಿದದ್ದು ಎಡಕ್ಕೆ ಸರಿದಂತೆ ಕಾಣುತ್ತದೆ. ಇದನ್ನು ಅನುಭವಿಸಿ ತಿಳಿಯಲು, ಎದುರು ಕುಳಿತ ಗೆಳೆಯರಿಗೆ ಮೊಬೈಲಿನಲ್ಲಿ ನಿಮ್ಮ ಕೈಯನ್ನು ವಿಡಿಯೊ ಕರೆ ಮೂಲಕ ತೋರಿಸಲು ಹೇಳಿ, ಆ ಚಿತ್ರವನ್ನು ಮಾತ್ರ ನೋಡುತ್ತ ಪೆನ್ನಿಗೆ ಮುಚ್ಚಳ ಹಾಕಲು ಯತ್ನಿಸಿ. ಆದಕಾರಣ ‘ಬಲ’ ಎಂದರೆ ಯಾವುದರ ಬಲ ಎಂಬುದನ್ನು, ಅಂದರೆ ನಿರ್ದೇಶಾಂಕ ಚೌಕಟ್ಟನ್ನು, ತೋಳು ಅಲುಗುವ ಮುನ್ನವೇ ಆರಿಸಿಕೊಳ್ಳಬೇಕು. ಇಡೀ ವಿಷಯದಲ್ಲಿ ಹೆಚ್ಚು ಸಮಯ ಕೊಟ್ಟು ಓದಬೇಕಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ.

2012ರ ಮೇ 25ರಂದು ಗಗನಯಾನಿ ಡಾನ್ ಪೆಟಿಟ್ ಅವರು ಈ ತೋಳಿನಿಂದ ಡ್ರ್ಯಾಗನ್ ಸರಕು ನೌಕೆಯನ್ನು ಹಿಡಿದಾಗ ಈ ಎಲ್ಲವೂ ಒಟ್ಟಿಗೆ ಬೇಕಾಯಿತು. ತೋಳಿನ ಎಷ್ಟೋ ದೈನಂದಿನ ಚಲನೆಗಳನ್ನು ಭೂಮಿಯಿಂದಲೇ ನಡೆಸಬಹುದು. ತೇಲುತ್ತಿರುವ ನೌಕೆಯ ವಿಷಯ ಹಾಗಲ್ಲ. ಸಂಕೇತ ಬಂದುಹೋಗುವ ವಿಳಂಬದಲ್ಲಿಯೇ ಅದು ಅತ್ತಿತ್ತ ಸರಿದಿರುತ್ತದೆ. ನೌಕೆಯ ಮೇಲಿನ ಚಿಕ್ಕ ದಂಡವು ತುದಿಯ ಟೊಳ್ಳಿನೊಳಗೆ ಬಂದಿದೆಯೆಂದು ಪರದೆಯಲ್ಲಿ ಖಚಿತವಾದ ಕೂಡಲೇ ಗಗನಯಾನಿ ಹಿಡಿಕೆಯ ಗುಂಡಿಯನ್ನು ಒತ್ತುತ್ತಾರೆ, ಮೂರು ಉಕ್ಕಿನ ತಂತಿಗಳು ಕುಣಿಕೆಯಂತೆ ಆ ದಂಡವನ್ನು ಬಿಗಿದುಕೊಳ್ಳುತ್ತವೆ.