6 ಬಾರ್ ಲೈನಿಗೆ 100 ಬಾರ್ ಟ್ರಾನ್ಸ್‌ಡ್ಯೂಸರ್ ಯಾಕೆ ಬೇಡ

ಪ್ರಶ್ನೆ: ನಮ್ಮ ನೀರಿನ ಪಂಪ್ ಲೈನಲ್ಲಿ 6 ಬಾರ್ ಇರುತ್ತೆ. ಯಾವ ಪ್ರೆಶರ್ ಟ್ರಾನ್ಸ್‌ಡ್ಯೂಸರ್ (ಒತ್ತಡ ಅಳೆದು ಸಿಗ್ನಲ್ ಆಗಿ ಕಳಿಸೋ ಸೆನ್ಸರ್) ಹಾಕ್ಬೇಕು? ಸೇಫ್ಟಿಗೆ 100 ಬಾರ್‌ದೇ ತಗೊಳ್ಳಿ ಅಂತಾರೆ, ಸರಿನಾ?

ಉತ್ತರ: ಸರಿ ಅಲ್ಲ. 10 ಬಾರ್‌ದು ತಗೊಳ್ಳಿ, ಲೈನಲ್ಲಿ ಹೊಡೆತ ಜಾಸ್ತಿ ಇದ್ರೆ 16 ಬಾರ್‌ದು.

ಇದೇ ಪ್ರಶ್ನೆ ಎಷ್ಟು ವೇಷದಲ್ಲಿ ಬರುತ್ತೆ ಅಂದ್ರೆ, ಒಬ್ರು ಕಂಪ್ರೆಸರ್ ಅಂತಾರೆ, ಇನ್ನೊಬ್ರು ಹೈಡ್ರಾಲಿಕ್ ಪ್ರೆಸ್ ಅಂತಾರೆ, ಕೊನೇಲಿ ಬರೋ ಮಾತು ಮಾತ್ರ ಒಂದೇ, "ದೊಡ್ಡ ರೇಂಜ್ ಇದ್ರೆ ಸೇಫ್ ಅಲ್ವಾ". ಎಷ್ಟು ಸಲ ಹೇಳಿದ್ರೂ ಇದು ಸಾಯ್ತಿಲ್ಲ, ಅದಕ್ಕೆ ಈ ಸಲ ಲೆಕ್ಕ ಹಾಕಿನೇ ತೋರಿಸ್ತೀನಿ, ದಯವಿಟ್ಟು ಪೂರ್ತಿ ಓದಿ.

ಡೇಟಾಶೀಟಲ್ಲಿ ಆಕ್ಯುರಸಿ 0.5% ಅಂತ ಇರುತ್ತಲ್ಲ, ಅದು ಸಾಮಾನ್ಯವಾಗಿ ನೀವು ಓದ್ತಿರೋ ಪ್ರೆಶರಿನ 0.5% ಅಲ್ಲ, ಫುಲ್ ಸ್ಕೇಲಿನ, ಅಂದ್ರೆ ಆ ಪೀಸ್ ಅಳೆಯೋ ಗರಿಷ್ಠ ಪ್ರೆಶರಿನ 0.5%. ಅಂದ್ರೆ 100 ಬಾರ್ ಪೀಸಲ್ಲಿ ಎಲ್ಲೇ ಓದಿದ್ರೂ ಅರ್ಧ ಬಾರ್ ಆಚೀಚೆ ಆಗೋಕೆ ಅವಕಾಶ ಇದೆ. ನಿಮ್ಮ 6 ಬಾರ್ ಮೇಲೆ ಅರ್ಧ ಬಾರ್ ಅಂದ್ರೆ 8% ದಾಟ್ತು. 10 ಬಾರ್ ಪೀಸಲ್ಲಿ ಅದೇ 0.5% ಅಂದ್ರೆ ಬರೀ 0.05 ಬಾರ್. ಎರಡರ ಡೇಟಾಶೀಟಲ್ಲೂ ಒಂದೇ ನಂಬರ್ ಪ್ರಿಂಟ್ ಆಗಿರುತ್ತೆ, ಎರಡೂ ನಿಜಾನೇ ಹೇಳ್ತಿವೆ, ನಾವು ಓದೋದ್ರಲ್ಲಿ ಎಡವ್ತೀವಿ ಅಷ್ಟೇ. ಬಿಸಿಗೆ ಝೀರೋ (ಪ್ರೆಶರ್ ಇಲ್ಲದಾಗ ತೋರ್ಸೋ ರೀಡಿಂಗ್) ಜರುಗೋದೂ ಫುಲ್ ಸ್ಕೇಲ್ ಲೆಕ್ಕದಲ್ಲೇ, ಹಾಗಾಗಿ ದೊಡ್ಡ ರೇಂಜ್ ತಗೊಂಡಷ್ಟೂ ಅದೂ ದೊಡ್ಡದಾಗುತ್ತೆ.

ಈಗ ಸಿಗ್ನಲ್ ನೋಡಿ. 4-20 ಮಿಲಿಆಂಪ್ ಅಂದ್ರೆ ಸೊನ್ನೆ ಪ್ರೆಶರಿಗೆ 4, ಫುಲ್ ಸ್ಕೇಲಿಗೆ 20 ಮಿಲಿಆಂಪ್ ಕರೆಂಟ್, ಕೆಲಸಕ್ಕೆ ಸಿಗೋದು 16 ಮಿಲಿಆಂಪ್. ಅದನ್ನ 100 ಬಾರಿಗೆ ಹಂಚಿದ್ರೆ ಬಾರಿಗೆ 0.16, ನಿಮ್ಮ 6 ಬಾರಿಗೆ ಮೀಟರಲ್ಲಿ ಕಾಣೋದು 4.96. ಲೈನಲ್ಲಿ ಆಗೋ ಏರಿಳಿತ ಎಲ್ಲಾ 4ಕ್ಕೂ 4.96ಕ್ಕೂ ಮಧ್ಯೆ ಮುಗೀಬೇಕು. 10 ಬಾರ್ ಪೀಸಾದ್ರೆ ಅದೇ 6 ಬಾರಿಗೆ 13.6 ಮಿಲಿಆಂಪ್ ಬರುತ್ತೆ. ಪಕ್ಕದಲ್ಲಿರೋ, ಪಂಪ್ ಸ್ಪೀಡ್ ಬದಲಿಸೋ ಡ್ರೈವಿನ ಕೇಬಲಿಂದ 0.05 ಮಿಲಿಆಂಪ್ ನಾಯ್ಸ್ ಸೇರ್ತು ಅಂತ ಇಟ್ಕೊಳ್ಳಿ, 100 ಬಾರ್ ಪೀಸಲ್ಲಿ ಅದು 0.3 ಬಾರ್ ಆಗಿ ಕಾಣುತ್ತೆ, 10 ಬಾರ್ ಪೀಸಲ್ಲಿ 0.03. ಆಮೇಲೆ ಪಂಪ್ ಸ್ಪೀಡ್ ಸುಮ್ನೆ ಮೇಲೆ ಕೆಳಗೆ ಆಡ್ತಿದೆ, ಪಿಐಡಿ (ಪ್ರೆಶರ್ ನೋಡಿ ಸ್ಪೀಡ್ ಹೊಂದಿಸೋ ಕಂಟ್ರೋಲ್) ಟ್ಯೂನಿಂಗ್ ಸರಿ ಇಲ್ಲ ಅಂತ ದಿನಗಟ್ಟಲೆ ಒದ್ದಾಡ್ತಾರೆ, ಟ್ಯೂನಿಂಗ್ ಪಾಪ ಏನು ಮಾಡುತ್ತೆ.

"ಹಾಗಾದ್ರೆ ಪ್ರೆಶರ್ 10 ದಾಟಿದ್ರೆ ಒಡೆದು ಹೋಗಲ್ವಾ?" ಇಡೀ ತಪ್ಪು ಕಲ್ಪನೆಯ ಬೇರು ಇಲ್ಲಿದೆ. ರೇಂಜ್ ಅನ್ನೋದು ಅಳೆಯೋ ಮಿತಿ, ತಡ್ಕೊಳ್ಳೋ ಮಿತಿ ಅಲ್ಲ. ತಡ್ಕೊಳ್ಳೋದಕ್ಕೆ ಡೇಟಾಶೀಟಲ್ಲಿ ಬೇರೆ ಎರಡು ನಂಬರ್ ಇರುತ್ತೆ, ಓವರ್‌ಲೋಡ್ ಪ್ರೆಶರ್ ಮತ್ತೆ ಬರ್ಸ್ಟ್ ಪ್ರೆಶರ್. ಮೊದಲನೇದರ ತನಕ ಹೋಗಿ ವಾಪಸ್ ಬಂದ್ರೆ ಸೆನ್ಸರಿಗೆ ಏನೂ ಆಗಲ್ಲ, ಎರಡನೇದು ದಾಟಿದ್ರೆ ಒಡೆದು ಲೀಕ್ ಆಗಬಹುದು, ಮಧ್ಯೆ ಎಲ್ಲೋ ಸಿಕ್ಕಿಕೊಂಡ್ರೆ ಒಡೆಯಲ್ಲ ಆದ್ರೆ ಡಯಾಫ್ರಮ್ (ಒತ್ತಡ ತಗೊಳ್ಳೋ ತೆಳು ಪೊರೆ) ಬಾಗಿ ಝೀರೋ ಶಾಶ್ವತವಾಗಿ ಜರುಗಿರುತ್ತೆ. ಓವರ್‌ಲೋಡ್ ರೇಂಜಿನ 2 ಪಟ್ಟು ಅಂತ ಇರೋದು ಮಾಮೂಲು, ಜಾಸ್ತಿ ಇರೋ ಪೀಸೂ ಸಿಗುತ್ತೆ. ಸೇಫ್ಟಿ ಬೇಕು ಅಂದ್ರೆ ಆ ನಂಬರ್ ನೋಡಿ, ರೇಂಜ್ ನೋಡ್ಬೇಡಿ.

ನೀರಿನ ಲೈನಲ್ಲಿ ನಿಜವಾದ ಶತ್ರು ವಾಟರ್ ಹ್ಯಾಮರ್. ಸೆಕೆಂಡಿಗೆ 1 ಮೀಟರ್ ಹರಿಯೋ ನೀರನ್ನ ವಾಲ್ವ್ ಗಪ್ಪಂತ ನಿಲ್ಲಿಸಿದ್ರೆ ಸ್ಟೀಲ್ ಪೈಪಲ್ಲಿ ಹೆಚ್ಚುಕಮ್ಮಿ 12ರಿಂದ 14 ಬಾರ್ ತನಕ ಹೊಡೆತ ಏಳುತ್ತೆ, ಇರೋ 6ರ ಮೇಲೆ ಅದು ಸೇರಿ 20ರ ಹತ್ರ ಬರುತ್ತೆ. ಅದು ಎಷ್ಟು ಬೇಗ ಬಂದು ಹೋಗುತ್ತೆ ಅಂದ್ರೆ ಮುಳ್ಳಿನ ಗೇಜಲ್ಲಿ ಸರಿಯಾಗಿ ಕಾಣೋದೇ ಇಲ್ಲ, ಅದಕ್ಕೇ "ನಮ್ಮಲ್ಲಿ 6 ದಾಟೋದೇ ಇಲ್ಲ" ಅಂತ ಎಲ್ರೂ ಹೇಳೋದು. 2 ಪಟ್ಟಿನ 10 ಬಾರ್ ಪೀಸಿಗೆ 20 ಅಂದ್ರೆ ಅಂಚು, 16 ಬಾರ್ ಪೀಸಿಗೆ 32ರ ತನಕ ಜಾಗ ಇದೆ, ಆಕ್ಯುರಸಿಲಿ ಕಳ್ಕೊಳ್ಳೋದೂ ಅಲ್ಪಸ್ವಲ್ಪ. ಜೊತೆಗೆ ಸ್ನಬ್ಬರ್ (ಹೊಡೆತ ತಗ್ಗಿಸೋ ಸಣ್ಣ ತೂತಿನ ಫಿಟಿಂಗ್) ಹಾಕಿ, ವಾಲ್ವ್ ನಿಧಾನಕ್ಕೆ ಮುಚ್ಚೋ ಹಾಗೆ ಮಾಡಿ. ಕೆಸರು ನೀರಾದ್ರೆ ಸ್ನಬ್ಬರ್ ಕಟ್ಕೊಳ್ಳುತ್ತೆ, ಆಗ ರೀಡಿಂಗ್ ಒಂದೇ ಕಡೆ ನಿಂತುಬಿಡುತ್ತೆ, ಅದು ಗಮನದಲ್ಲಿರಲಿ.

ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಕೇಬಲ್ ಉದ್ದ ಇದ್ರೆ 4-20 ಮಿಲಿಆಂಪೇ ತಗೊಳ್ಳಿ, ವೈರ್ ಕಟ್ಟಾದ್ರೆ ಕರೆಂಟ್ 0 ಆಗಿ ಪಿಎಲ್‌ಸಿಗೆ (ಮೆಷಿನ್ ನಡೆಸೋ ಕಂಟ್ರೋಲರಿಗೆ) ಗೊತ್ತಾಗುತ್ತೆ, 0-10 ವೋಲ್ಟಲ್ಲಿ ಕಟ್ಟಾಗಿದ್ದೂ ಪ್ರೆಶರ್ ಇಲ್ಲದಿದ್ದೂ ಒಂದೇ ಥರ ಕಾಣುತ್ತೆ. ಸ್ಟೀಮ್ ಲೈನಿಗೆ ಸೈಫನ್ ಟ್ಯೂಬ್ (ಬಿಸಿ ಹಬೆ ನೇರ ಮುಟ್ಟದ ಹಾಗೆ ನೀರು ಹಿಡಿದಿಡೋ ಬಾಗಿದ ಕೊಳವೆ) ಇಲ್ಲದೆ ಹಾಕ್ಲೇಬೇಡಿ. ಎಣ್ಣೆಗೆ ಇಪಿಡಿಎಂ ರಬ್ಬರಿನ ಸೀಲ್ ಬೇಡ, ಅಮೋನಿಯಾಗೆ ಹಿತ್ತಾಳೆ ಫಿಟಿಂಗ್ ಬೇಡ. ಬಿಎಸ್‌ಪಿ, ಎನ್‌ಪಿಟಿ ಅನ್ನೋದು ಎರಡು ಬೇರೆ ಥ್ರೆಡ್ ಅಳತೆ, ಕಾಲು ಇಂಚಿನ ಬಿಎಸ್‌ಪಿಗೆ ಇಂಚಿಗೆ 19 ಥ್ರೆಡ್, ಎನ್‌ಪಿಟಿಗೆ 18, ಒಂದಕ್ಕೆ ಇನ್ನೊಂದು ಒಂದೆರಡು ಸುತ್ತು ಹಿಡಿಯುತ್ತೆ ಅಂತ ಟೇಪ್ ಸುತ್ತಿ ಬಿಗಿಬೇಡಿ. ಕ್ಲೀನ್ ಮಾಡೋಕೆ ಅಂತ ಸೆನ್ಸರಿನ ತೂತೊಳಗೆ ತಂತಿ ಹಾಕಿ ಚುಚ್ಚೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಒಳಗಿರೋ ಡಯಾಫ್ರಮ್ ತುಂಬಾ ತೆಳು.

ಯಾರೂ ಕೇಳಿಲ್ಲ, ಆದ್ರೂ ಇದೊಂದು ಹೇಳ್ಲೇಬೇಕು. ಅದೇ ಪಂಪಿನ ಟ್ಯಾಂಕಲ್ಲಿ ಮುಳುಗಿಸೋ ಲೆವೆಲ್ ಸೆನ್ಸರ್ (ಮೇಲಿರೋ ನೀರಿನ ಒತ್ತಡ ಅಳೆದು ಮಟ್ಟ ಹೇಳೋದು) ಹಾಕಿರ್ತೀರಿ, ನೀರು ಅಷ್ಟೇ ಇದ್ರೂ ಮಧ್ಯಾಹ್ನ ಆದ್ರೆ ಲೆವೆಲ್ ಕಮ್ಮಿ ತೋರ್ಸುತ್ತೆ, ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸ್ತೀರಿ. ಅದರ ಕೇಬಲ್ ಒಳಗೆ ವೈರ್ ಜೊತೆ ಒಂದು ಸಣ್ಣ ಗಾಳಿ ಕೊಳವೆ ಇರುತ್ತೆ, ಹೊರಗಿನ ವಾತಾವರಣದ ಒತ್ತಡ ಸೆನ್ಸರಿನ ಹಿಂಬದಿಗೆ ಮುಟ್ಲಿ ಅಂತ. ನೀವು ಅದನ್ನ ಜಂಕ್ಷನ್ ಬಾಕ್ಸೊಳಗೆ ತಂದು, ನೀರು ಹೋಗ್ಬಾರ್ದು ಅಂತ ಬಾಕ್ಸಿಗೆ ಸುತ್ತಾ ಸಿಲಿಕೋನ್ ಬಳಿದಿರ್ತೀರಿ. ಗಾಳಿಯಾಡದ ಹಾಗೆ ಮುಚ್ಚಿದ ಬಾಕ್ಸ್ 20 ಡಿಗ್ರಿಯಿಂದ 40ಕ್ಕೆ ಕಾದ್ರೆ ಒಳಗಿನ ಒತ್ತಡ ಸುಮಾರು 70 ಮಿಲಿಬಾರ್ ಏರುತ್ತೆ, ಅಂದ್ರೆ 70 ಸೆಂಟಿಮೀಟರ್ ನೀರಿನಷ್ಟು, ಅಷ್ಟೂ ನಿಮ್ಮ ಲೆವೆಲಿಂದ ಕಳೆದು ಹೋಗುತ್ತೆ. ಬಾಕ್ಸಿಗೆ ಬ್ರೀದರ್ (ಗಾಳಿಯಾಡೋಕೆ ಬಿಡೋ ಪ್ಲಗ್) ಹಾಕಿ, ಕೊಳವೆ ತುದಿಗೆ ತೇವ ಹೀರೋ ಸಿಲಿಕಾ ಜೆಲ್ ಫಿಲ್ಟರ್ ಇಟ್ಟು ಅದರ ಬಣ್ಣ ತಿರುಗಿದಾಗ ಬದಲಾಯಿಸಿ. ಅನುಮಾನ ಇದ್ರೆ ಬಿಸಿಲು ಏರಿರೋ ಹೊತ್ತಲ್ಲಿ ಬಾಕ್ಸಿನ ಮುಚ್ಚಳ ತೆಗೆದು ಡಿಸ್‌ಪ್ಲೇ ನೋಡ್ತಾ ನಿಲ್ಲಿ, ರೀಡಿಂಗ್ ಸರ್ರಂತ ಮೇಲೆ ಬಂತು ಅಂದ್ರೆ ಸೆನ್ಸರ್ ಚೆನ್ನಾಗೇ ಇದೆ.