ಅಣಬೆಗೆ ಕತ್ತಲೆ ಕೋಣೆಯೇ ಬೇಕೇ?

ಪ್ರಶ್ನೆ: ಮನೆಯಲ್ಲಿ ಚಿಪ್ಪು ಅಣಬೆ ಬೆಳೆಯುವ ಆಸೆ. ಆದರೆ ಕತ್ತಲೆ ಕೋಣೆ ಇಲ್ಲ. ಹುಲ್ಲು ತುಂಬಿ ಅಣಬೆ ಬೀಜ ಹಾಕಿದ ಚೀಲಗಳನ್ನು ಮಂಚದ ಕೆಳಗಿಟ್ಟು ದಪ್ಪ ಬಟ್ಟೆ ಮುಚ್ಚಿದರೆ ಆದೀತೇ?

ಮುಚ್ಚಬೇಡಿ. ಇದೊಂದು ಪ್ರಶ್ನೆಗೆ ಅದೆಷ್ಟು ಸಲ ಉತ್ತರ ಬರೆದೆನೋ, ಮತ್ತೆ ಬರುತ್ತಲೇ ಇದೆ. ಈ ಸಲ ಬೇರುಸಹಿತ ಕೀಳೋಣ.

ಅಣಬೆಯಲ್ಲಿ ಪತ್ರಹರಿತ್ತು ಇಲ್ಲ. ಹುಲ್ಲಿಗೆ ಗಟ್ಟಿತನ ಕೊಡುವ ಸೆಲ್ಯುಲೋಸ್, ಲಿಗ್ನಿನ್‌ಗಳನ್ನು ಕಿಣ್ವ ಸುರಿಸಿ ಕರಗಿಸಿ ಹೀರುತ್ತದೆ. ಹಾಗಾಗಿ ಹೊಟ್ಟೆಪಾಡಿಗೆ ಅದಕ್ಕೆ ಬೆಳಕು ಬೇಡ, ನಿಜ. ಆದರೆ ಬೆಳಕೇ ಬೇಡ ಎಂದು ಯಾರು ಹೇಳಿದರು? ಅಣಬೆಯೂ ಒಂದು ಶಿಲೀಂಧ್ರ; ನೀಲಿ ಬೆಳಕನ್ನು ಗುರುತಿಸುವ ಪ್ರೋಟೀನುಗಳು ಶಿಲೀಂಧ್ರದ ಜೀವಕೋಶಗಳಲ್ಲೇ ಇವೆ. ಸಗಣಿಯ ಮೇಲೆ ಬೆಳೆಯುವ ಪೈಲೊಬೋಲಸ್ ಎಂಬ ಪುಟ್ಟ ಶಿಲೀಂಧ್ರ ಬೆಳಕಿನತ್ತ ಕತ್ತು ತಿರುಗಿಸಿ, ಗುರಿಯಿಟ್ಟು, ತನ್ನ ಬೀಜಕಣದ ಚೀಲವನ್ನು 2 ಮೀಟರ್ ದೂರದವರೆಗೂ ಸಿಡಿಸಬಲ್ಲದು!

ಚಿಪ್ಪು ಅಣಬೆಗೂ ಬೆಳಕೊಂದು ಸೂಚನೆ. ಹುಲ್ಲಿನೊಳಗೆ ಹಬ್ಬಿದ ಬಿಳಿ ಎಳೆಗಳು ಹೊರಗೆ ತೆರಪಿದೆ, ಇನ್ನು ಕೊಡೆ ಬಿಚ್ಚಬಹುದು ಎಂದು ಅರಿಯುವುದು ಬೆಳಕು ಮತ್ತು ತಾಜಾ ಗಾಳಿಯಿಂದ. ಕತ್ತಲಲ್ಲಿಟ್ಟರೆ ದೇಟು ಉದ್ದಕ್ಕೆ ಏಳುತ್ತದೆ, ಕೊಡೆ ಗುಂಡುಸೂಜಿಯ ತಲೆಯಷ್ಟಕ್ಕೇ ನಿಲ್ಲುತ್ತದೆ. ಗಾಳಿಯಾಡದೆ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡರೂ ಅದೇ ಗತಿ. ದಪ್ಪ ಬಟ್ಟೆ ಮುಚ್ಚಿದರೆ ಎರಡು ತೊಂದರೆಯೂ ಒಟ್ಟಿಗೇ ಬರುತ್ತವೆ.

ಅಣಬೆಗೆ ಕತ್ತಲೆಯೇ ಬೇಕೆಂಬ ನಂಬಿಕೆ ಹಳೆಯದು. 19ನೇ ಶತಮಾನದಲ್ಲಿ ಪ್ಯಾರಿಸ್ ಸುತ್ತಲಿನ ಕಲ್ಲುಗಣಿಗಳೊಳಗೆ ಬಟನ್ ಅಣಬೆ ಬೆಳೆಯುತ್ತಿದ್ದರು. ಅಲ್ಲಿ ವರ್ಷವಿಡೀ ಒಂದೇ ಸಮನಾದ ತಂಪು, ತೇವ. ಅವರಿಗೆ ಬೇಕಿದ್ದದ್ದು ಅದು. ಕತ್ತಲು ಗಣಿಯ ಜೊತೆಗೆ ಬಂದದ್ದು, ಅಷ್ಟೇ. ಬಟನ್ ಅಣಬೆ ಬೆಳಕಿಲ್ಲದೆಯೂ ಕೊಡೆ ಕಟ್ಟುತ್ತದೆ, ಬೆಳಕಿದ್ದರೆ ಮುನಿಸಿಕೊಳ್ಳುವುದೂ ಇಲ್ಲ. ಒಂದು ಜಾತಿಯ ಗುಣವನ್ನು ಇಡೀ ಅಣಬೆ ಕುಲಕ್ಕೆ ಅಂಟಿಸಿದರೆ ಹೇಗೆ?

ಬೀಜ ಹಾಕಿದ ಮೇಲೆ ಎರಡು ಮೂರು ವಾರ, ಹುಲ್ಲು ಪೂರ್ತಿ ಬೆಳ್ಳಗಾಗುವವರೆಗೆ, ಚೀಲ ಎಲ್ಲಿದ್ದರೂ ನಡೆದೀತು. ನೇರ ಬಿಸಿಲು, ಅತಿ ಸೆಕೆ ಬೇಡ. ಆಮೇಲೆ ಪತ್ರಿಕೆ ಓದುವಷ್ಟು ಬೆಳಕಿರುವ, ಗಾಳಿಯಾಡುವ ಮೂಲೆಗೆ ತನ್ನಿ. ಸುತ್ತಲಿನ ಗಾಳಿಯ ತೇವಾಂಶ ಶೇ. 85ರ ಆಸುಪಾಸು ಇರಲಿ. ಮೊಗ್ಗು ತಾನಾಗಿ ಬರುತ್ತದೆ.

ಯಾರೂ ಕೇಳಿಲ್ಲ, ಆದರೆ ಬೆಳಕಿನ ಮಾತು ಬಂದಿದೆಯಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕೊಯ್ದ ಅಣಬೆಗೂ ಬಿಸಿಲಿನಿಂದ ಲಾಭವಿದೆ. ಅದರಲ್ಲಿರುವ ಎರ್ಗೋಸ್ಟೆರಾಲ್ ಎಂಬ ವಸ್ತು ನೇರಳಾತೀತ ಕಿರಣ ತಾಗಿದೊಡನೆ ವಿಟಮಿನ್ ಡಿ2 ಆಗಿ ಬದಲಾಗತೊಡಗುತ್ತದೆ. ಅಡುಗೆಗೆ ಮುಂಚೆ, ಮಧ್ಯಾಹ್ನದ ಬಿಸಿಲಲ್ಲಿ, ಕೊಡೆಯ ಒಳಮಗ್ಗುಲು ಮೇಲೆ ಮಾಡಿ ಅರ್ಧ ಗಂಟೆ ಇಡಿ. ಕಿಟಕಿಯ ಗಾಜಿನ ಹಿಂದೆ ಬೇಡ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಹೋಳು ಮಾಡಿಟ್ಟರೆ ಇನ್ನೂ ಒಳ್ಳೆಯದು, ಬಿಸಿಲು ತಾಗುವ ಮೈ ಹೆಚ್ಚುತ್ತದೆ.